ಪೀಠಿಕಾ ಕಡೀಕ ಬರೀರಿ

ನನ್ನ ಮಗಳು ಈ ವರ್ಷ ಒಂಬತ್ತನೇತ್ತಾ. ಸಾಲ್ಯಾಗ ‘ಒಂದು ಸಣ್ಣ ಸಂಶೋಧನಾ ಪ್ರಬಂಧ ಬರಕೊಂಡ ಬರ್ರಿ, ಹತ್ತು ಪುಟ ಇರಬೇಕು’ ಅಂತ ಹೇಳಿ ಕಳಿಸಿದ್ರು. ಈಕಿ ರಾತ್ರಿ ಕೂತು ಬರೇ ಪೀಠಿಕಾನ ಮೂರು ಪುಟ ಬರದಿಟ್ಟಿದ್ಲು. ಮಾನವ ಜೀವನದಲ್ಲಿ ಹಾಲಿನ ಮಹತ್ವ, ಪ್ರಾಚೀನ ಕಾಲದಿಂದಲೂ ಮೊಸರು, ಹಿಂಗ. ಎಲ್ಲಾ ಮೊಬೈಲ್ ನೋಡಿ ಇಳಿಸಿದ್ದು.

‘ಅಲ್ಲವಾ, ನಿನಗ ತಿಳಕೋಬೇಕಾಗಿದ್ದರ ಏನು?’ ಅಂದೆ.

‘ಮಣ್ಣಿನ ಗಡಿಗ್ಯಾಗ ಮೊಸರು ಗಟ್ಟಿ ಆಗತದ ಅಂತ ಅಜ್ಜಿ ಹೇಳ್ತಾಳಲ್ಲಪ್ಪಾ, ಅದು ಖರೆ ಏನು?’

ನೋಡ್ರಿ, ಪ್ರಬಂಧ ಅಂದ್ರ ಇದು. ಆ ಮೂರು ಪುಟದಾಗ ಈ ಒಂದು ಸಾಲು ಎಲ್ಲೂ ಇರಲಿಲ್ಲ.

ನನ್ನ ಅಭಿಪ್ರಾಯ ಇಷ್ಟ. ಓದವ್ರು ಪೀಠಿಕಾದಿಂದ ಓದ್ಲಿ, ಬರಿಯವ್ರು ಮಾತ್ರ ನಡುವಿನಿಂದ ಬರೀಬೇಕು. ಮೊದಲ ‘ಹೆಂಗ ಮಾಡಿದೆ’ ಅನ್ನೋದು. ಬಾಜೂ ಮನಿಯವ್ರು ಅದನ್ನ ಓದಿ ತಾವೂ ಹಂಗ ಮಾಡಿ ನೋಡೋ ಹಂಗಿರಬೇಕು. ಒಂದ ಪಾತೇಲಿ ಹಾಲು, ಗಡಿಗಿಗೆ ಅರ್ಧ ಲೀಟರ್, ಸ್ಟೀಲ್ ಡಬ್ಬಿಗೆ ಅರ್ಧ ಲೀಟರ್, ಎರಡಕ್ಕೂ ಒಂದೊಂದು ಚಮಚ ಹೆಪ್ಪು, ಒಂದ ಕಟ್ಟಿ ಮ್ಯಾಲೆ, ರಾತ್ರಿ 10ಕ್ಕ ಇಟ್ಟು ಮುಂಜಾನೆ 6ಕ್ಕ ನೋಡೋದು. ಗಟ್ಟಿ ಅಂದ್ರರ ಏನು, ಅಳೀಲಿಕ್ಕೆ ಬರಬೇಕಲ್ಲ? ಒಂದು ಬಟ್ಟಲ ಮೊಸರು ಚಹಾ ಸೋಸೋ ಜಾಳಿಗಿಗೆ ಹಾಕಿ, ಅರ್ಧ ತಾಸಿನಾಗ ಎಷ್ಟು ನೀರು ಇಳೀತು ಅಂತ ಕೆಮ್ಮಿನ ಔಷಧದ ಮುಚ್ಚಳದಾಗ ಅಳದ್ಲು. ಆ ಮುಚ್ಚಳಕ್ಕ ಗೆರಿ ಇರತಾವಲ್ಲ, ಅದ ಆತು ನಮ್ಮ ಪ್ರಯೋಗಶಾಲಾ.

ಆಮ್ಯಾಲೆ ‘ಏನು ಕಂಡಿತು’. ಅಲ್ಲಿ ಕೋಷ್ಟಕ ಅಷ್ಟ. ಛಲೋ, ಅದ್ಭುತ ಅನ್ನೋ ಮಾತಿಗೆ ಅಲ್ಲಿ ಜಾಗಾ ಇಲ್ಲ.

ಇಲ್ಲೇ ನಾ ತಪ್ಪಿದೆ. 14 ದಿನದಾಗ 11 ದಿನ ಗಡಿಗಿ ಮೊಸರು ಗಟ್ಟಿ ಆಗಿತ್ತು. ನಡುವ ಮೂರು ದಿನ ಥಂಡಿ ಭಾಳ ಬಿದ್ದಾಗ ಗಡಿಗ್ಯಾಗಿನ ಹಾಲು ಮುಂಜಾನೆ ಹಾಲಾಗೇ ಇತ್ತು. ‘ಆ ಮೂರು ದಿನಾ ಬಿಟ್ಟಬಿಡವಾ, ಲೆಕ್ಕ ಕೆಡಸ್ತಾವ’ ಅಂದೆ. ಅಪ್ಪ ಹೇಳ್ಯಾನ ಅಂತ ಪಾಪ ರಬ್ಬರ್ ತೊಗೊಂಡು ಅಳಸಿದ್ಲು.

ಮರುದಿನ ನಮ್ಮವ್ವ ಚಾಳೀಸು ಹಾಕ್ಕೊಂಡು ವಹಿ ನೋಡಿ, ‘ಥಂಡಿ ದಿನದ್ದು ಎಲ್ಲಿ ಹೋತು? ಥಂಡ್ಯಾಗ ಗಡಿಗಿ ಲಗೂನ ಹೆಪ್ಪ ಹಿಡಿಯಂಗಿಲ್ಲ, ಅದಕ್ಕ ನಾವು ಕಂಬಳಿ ಸುತ್ತಿ ಇಡತಿದ್ವಿ’ ಅಂದ್ಲು. ನನಗ ನಾಚಿಕಿ ಬಂತು. ಗಡಿಗಿ ನೀರು ಹೀರಿ ಹೊರಗ ಬಿಡತದ, ಅದಕ್ಕ ಮೊಸರು ಗಟ್ಟಿ. ಆ ನೀರು ಆರೋವಾಗ ಗಡಿಗಿ ತಂಪಾಗತದ, ತಂಪಾದ್ರ ಹೆಪ್ಪಿನ ಕೆಲಸ ನಿಧಾನ. ಎರಡಕ್ಕೂ ಕಾರಣ ಒಂದ! ನಾ ಅಳಸಲಿಕ್ಕೆ ಹಚ್ಚಿದ್ದು ಅದನ್ನ.

ಪುಣ್ಯಾಕ್ಕ ಪೆನ್ಸಿಲ್ ಒತ್ತಿದ ಗುರುತು ಉಳದಿತ್ತು. ತಿರುಗಿ ಬರದ್ಲು. ಆ ಮೂರು ದಿನದ ಮ್ಯಾಲೇನ ಚರ್ಚಾ ಎರಡು ಪುಟ ಆತು. ‘ನಮ್ಮ ಹತ್ರ ಥರ್ಮಾಮೀಟರ್ ಇರಲಿಲ್ಲ, ಆದ್ದರಿಂದ ಇದು ಊಹೆ’ ಅಂತನೂ ಹಾಕಿದ್ಲು. ಅಂಥಾ ಸಾಲು ಬರೀಲಿಕ್ಕೆ ಮಕ್ಕಳು ಅಂಜತಾರ, ಮಾರ್ಕ್ಸ್ ಹೋಗತಾವ ಅಂತ. ಕೊನೀಗೆ ಉಪಸಂಹಾರ ನಾಕು ಸಾಲು, ಆಧಾರ ಅನ್ನೋ ಕಡೆ ಪಠ್ಯಪುಸ್ತಕದ ಜೋಡಿ ಅಜ್ಜಿ ಹೆಸರೂ. ಎಲ್ಲಾ ಮುಗದ ಮ್ಯಾಲೆ ಅರ್ಧ ಪುಟ ಪೀಠಿಕಾ.

ಒಟ್ಟು ಏಳ ಪುಟ ಆತು. ಟೀಚರ್ ಕೆಂಪು ಶಾಯಿಲೆ ‘ಪೀಠಿಕೆ ಚಿಕ್ಕದಾಯಿತು’ ಅಂತ ಬರದು ಎರಡು ಮಾರ್ಕ್ಸ್ ಕಳದಾರ. ಹೋಗಿ ಕೇಳೋಣೇನು ಅಂದೆ. ಬ್ಯಾಡಪ್ಪಾ ಅಂದ್ಲು. ಈಗ ಥರ್ಮಾಮೀಟರ್ ಕೊಡಸು ಅಂತ ಗಂಟು ಬಿದ್ದಾಳ.