ಕುಡಿತ ಬಿಡಿಸೋಕೆ ಪೋಡಿನವರೇ ಬೇಕು

ಅಮೆರಿಕದಲ್ಲಿ 1970ರ ದಶಕದಲ್ಲಿ ಒಂದು ಫೆಲೋಶಿಪ್ ಯೋಜನೆ ಶುರುವಾಯ್ತು. ಕರಿಯ ಜನಾಂಗದ ಮತ್ತು ಇತರ ಅಲ್ಪಸಂಖ್ಯಾತ ಸಮುದಾಯಗಳ ಹುಡುಗ ಹುಡುಗಿಯರಿಗೆ ಸ್ಟೈಪೆಂಡ್ ಕೊಟ್ಟು ಮನಶ್ಶಾಸ್ತ್ರ, ಸಮಾಜಕಾರ್ಯ, ನರ್ಸಿಂಗ್ ಓದಿಸೋದು. ಆಮೇಲೆ ಅವರು ತಮ್ಮ ಜನರ ಮಧ್ಯೆಯೇ ಮಾನಸಿಕ ಆರೋಗ್ಯ, ಕುಡಿತ, ಡ್ರಗ್ಸ್ ಇಂಥ ವಿಷಯಗಳಲ್ಲಿ ಕೆಲಸ ಮಾಡಲಿ ಅನ್ನೋದು ಉದ್ದೇಶ.

ಮೈಬಣ್ಣ ನೋಡಿ ಕೌನ್ಸೆಲರ್ ಮಾಡೋದಾ ಅಂತ ನಿಮಗನ್ನಿಸಬಹುದು. ಸ್ವಲ್ಪ ಹಿನ್ನೆಲೆ ನೋಡಿ. ಟಸ್ಕೀಗೀ ಅನ್ನೋ ಊರಲ್ಲಿ 1932ರಿಂದ 1972ರವರೆಗೆ, ನಲವತ್ತು ವರ್ಷ, ಅಲ್ಲಿನ ಸರ್ಕಾರಿ ಆರೋಗ್ಯ ಇಲಾಖೆಯೇ ಸಿಫಿಲಿಸ್ ಇದ್ದ ನೂರಾರು ಕರಿಯ ಗಂಡಸರಿಗೆ ಔಷಧಿ ಕೊಡದೆ, ರೋಗ ಹೇಗೆ ಬೆಳೆಯುತ್ತೆ ಅಂತ ನೋಡ್ತಾ ಕೂತಿತ್ತು. 1986ರಲ್ಲಿ ಬಂದ ಡ್ರಗ್ಸ್ ಕಾನೂನಿನಲ್ಲಿ ಕ್ರ್ಯಾಕ್ ಕೊಕೇನ್ 5 ಗ್ರಾಂ ಸಿಕ್ಕರೆ ಎಷ್ಟು ಜೈಲೋ, ಪುಡಿ ಕೊಕೇನ್ 500 ಗ್ರಾಂ ಸಿಕ್ಕರೂ ಅಷ್ಟೇ ಜೈಲು. ಕ್ರ್ಯಾಕ್ ಕೇಸಲ್ಲಿ ಒಳಗೆ ಹೋದವರಲ್ಲಿ ಹೆಚ್ಚಿನವರು ಯಾರು ಅಂತ ಬೇರೆ ಹೇಳಬೇಕಿಲ್ಲ. ಇಷ್ಟೆಲ್ಲಾ ಆದ ಮೇಲೆ, ಬಿಳಿ ಕೋಟು ಹಾಕಿದ ಹೊರಗಿನವನೊಬ್ಬ ಬಂದು "ನೀನು ಎಷ್ಟು ತಗೋತೀಯಪ್ಪಾ?" ಅಂದ್ರೆ ಯಾರು ತಾನೇ ನಿಜ ಹೇಳ್ತಾರೆ?

ಈಗ ನಮ್ಮ ಕಡೆಗೆ ಬರೋಣ. ಕೊಳ್ಳೇಗಾಲ, ಹನೂರು, ಯಳಂದೂರು. ಬಿಳಿಗಿರಿರಂಗನ ಬೆಟ್ಟ ಯಳಂದೂರಿಗೆ, ಮಲೆ ಮಹದೇಶ್ವರ ಬೆಟ್ಟ ಹನೂರಿಗೆ (ಹನೂರು ಮೊದಲು ಕೊಳ್ಳೇಗಾಲ ತಾಲ್ಲೂಕಲ್ಲೇ ಇತ್ತು). ಎರಡೂ ಕಡೆ ಸೋಲಿಗರ ಪೋಡುಗಳಿವೆ. ಕುಸುಮಾಲೆಯನ್ನ ಮದುವೆಯಾದ ಅಂತ ಬೆಟ್ಟದ ರಂಗನಾಥನನ್ನೇ "ರಂಗಭಾವ" ಅಂತ ಕರೆಯೋ ಜನ ಇವರು. ಜೇನು, ನೆಲ್ಲಿ, ಪಾಚಿ ತಂದು ಲ್ಯಾಂಪ್ ಸೊಸೈಟಿಗೆ ಹಾಕಿ ಬದುಕ್ತಿದ್ದರು. ಬಿಳಿಗಿರಿಯಲ್ಲಿ 2006ರಲ್ಲಿ ವನ್ಯಜೀವಿ ಕಾಯ್ದೆ ತೋರಿಸಿ ಅದನ್ನ ನಿಲ್ಲಿಸಿದರು. 2011ರಲ್ಲಿ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು ನಿಜ, ಆದರೆ ನಡುವಿನ ಆ ಐದು ವರ್ಷದಲ್ಲಿ ಎಷ್ಟೋ ಮನೆಯವರು ಕಾಫಿ ತೋಟ, ಕೊಡಗು, ಕೇರಳ ಅಂತ ಕೂಲಿಗೆ ಹೋಗಿಬಿಟ್ಟಿದ್ದರು. ಕಾಡಿಂದ ತಂದಿದ್ದು ಸೊಸೈಟಿಗೆ ಹೋದ್ರೆ ಬರೋ ದುಡ್ಡಿನ ಲೆಕ್ಕವೇ ಬೇರೆ. ವಾರದ ಬಟವಾಡೆ ಕೈಗೆ ಬಿದ್ದ ಸಂಜೆ, ಪಕ್ಕದಲ್ಲೇ ಅಂಗಡಿ ಇದ್ರೆ, ಆ ಲೆಕ್ಕವೇ ಬೇರೆ. 2007ರ ಜುಲೈ 1ಕ್ಕೆ ಸಾರಾಯಿ ನಿಷೇಧ ಆಯ್ತಲ್ಲ, ಆಗ ಹೋಗಿದ್ದು ಸಾರಾಯಿ ಪ್ಯಾಕೆಟ್ಟು ಮಾತ್ರ. ಅದರ ಜಾಗಕ್ಕೆ ಅಗ್ಗದ ವಿಸ್ಕಿ ಬಂತು, ಇನ್ನೂ ದುಬಾರಿಯಾಗಿ.

ಇಲ್ಲೊಂದು ಮಾತು ಸ್ಪಷ್ಟ ಮಾಡಿಬಿಡ್ತೀನಿ. ಸೋಲಿಗರೇ ಕುಡುಕರು ಅಂತ ನಾನು ಹೇಳ್ತಿಲ್ಲ. ಕೊಳ್ಳೇಗಾಲದ ಬಾರುಗಳ ಮುಂದೆ ನಿಲ್ಲೋ ಬೈಕುಗಳನ್ನ ಎಣಿಸಿದರೆ ಸಾಕು, ಯಾರ್ಯಾರು ಕುಡೀತಾರೆ ಅಂತ ಗೊತ್ತಾಗುತ್ತೆ :) ಆದರೆ ಪಟ್ಟಣದವನಿಗೆ ಕುಡಿತ ಬಿಡಬೇಕು ಅನ್ನಿಸಿದರೆ ಮೈಸೂರಿದೆ, ನಿಮ್ಹಾನ್ಸ್ ಇದೆ. ಪೋಡಿನವನಿಗೆ ಬಸ್ಸು ಸಿಗೋದೇ ಕಷ್ಟ.

ಕೆಲವು ವರ್ಷದ ಹಿಂದೆ ಬೆಟ್ಟದ ಮೇಲೆ ಒಂದು ಮದ್ಯಪಾನ ಜಾಗೃತಿ ಕಾರ್ಯಕ್ರಮಕ್ಕೆ ಹೋಗಿದ್ದೆ. ಯಾರು ಮಾಡಿದ್ದು ಅಂತ ಬೇಡ ಬಿಡಿ. ಶಾಮಿಯಾನ, ಮೈಕು, ಲಿವರ್‌ದು ದೊಡ್ಡ ಚಿತ್ರ. ಬೆಂಗಳೂರಿಂದ ಬಂದ ಮೇಡಂ ಪ್ರೀತಿಯಿಂದಲೇ ಮಾತಾಡಿದರು. ಕೊನೆಗೆ ಒಬ್ಬ ವಯಸ್ಸಾದವರನ್ನ "ಅಜ್ಜಾ, ನೀವು ಕುಡೀತೀರಾ?" ಅಂತ ಕೇಳಿದರು. "ಇಲ್ಲ ಬುದ್ಧಿ" ಅಂದರು ಅಜ್ಜ. ಹಿಂದೆ ಕೂತಿದ್ದ ಹುಡುಗರೆಲ್ಲಾ ನೆಲ ನೋಡ್ಕೊಂಡು ನಗ್ತಾ ಇದ್ದರು.

ಆ "ಬುದ್ಧಿ" ಅನ್ನೋ ಪದದಲ್ಲೇ ಎಲ್ಲಾ ಇದೆ. ನಮ್ಮ ಸೀಮೆಯಲ್ಲಿ ಗೌಡರಿಗೆ, ಸಾಹೇಬರಿಗೆ, ಫಾರೆಸ್ಟ್ ಗಾರ್ಡಿಗೆ ಹೇಳೋ ಪದ ಅದು. "ಬುದ್ಧಿ" ಅಂದವನು ಎದುರಿಗಿದ್ದವರಿಗೆ ಯಾವ ಉತ್ತರ ಬೇಕೋ ಅದನ್ನೇ ಕೊಡ್ತಾನೆ. "ಮಾವ" ಅಂತಲೋ "ಅಣ್ಣ" ಅಂತಲೋ ಕರೆಯೋ ಮನುಷ್ಯನ ಹತ್ತಿರ ಮಾತ್ರ "ನಿನ್ನೆ ಎರಡು ಕ್ವಾರ್ಟರ್ ಹಾಕ್ದೆ, ಮನೇಲಿ ಅಕ್ಕಿ ಇರಲಿಲ್ಲ" ಅನ್ನೋ ಮಾತು ಹೊರಗೆ ಬರೋದು. ವಿಶ್ವ ಆರೋಗ್ಯ ಸಂಸ್ಥೆಯ ಹತ್ತು ಪ್ರಶ್ನೆಗಳ 'ಆಡಿಟ್' ಅನ್ನೋ ಪಟ್ಟಿಯೊಂದಿದೆ, ಕುಡಿತ ಎಷ್ಟು ಮಿತಿ ಮೀರಿದೆ ಅಂತ ಅಳೆಯೋಕೆ. ಒಳ್ಳೆ ಸಾಧನವೇ. ಆದರೆ ಅದರ 'ಡ್ರಿಂಕ್' ಲೆಕ್ಕವನ್ನ ನೈಂಟಿ, ಕ್ವಾರ್ಟರ್ ಲೆಕ್ಕಕ್ಕೆ ತಿರುಗಿಸಿ, ಸೋಲಿಗ ನುಡಿಯಲ್ಲಿ, ನಾಚಿಕೆ ಆಗದ ಹಾಗೆ ಕೇಳೋರು ಬೇಕಲ್ಲ?

ಇದು ಕನಸಿನ ಮಾತಲ್ಲ, ಇದೇ ಬೆಟ್ಟದಲ್ಲಿ ಇಂಥದ್ದು ನಡೆದಿದೆ. ಡಾ. ಎಚ್. ಸುದರ್ಶನ್ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಶುರು ಮಾಡಿದರು, 1994ರಲ್ಲಿ ಅವರಿಗೂ ಸಂಸ್ಥೆಗೂ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು, ಅದೆಲ್ಲಾ ನಿಮಗೆ ಗೊತ್ತು. ನನಗೆ ಪ್ರಶಸ್ತಿಗಿಂತ ದೊಡ್ಡದಾಗಿ ಕಾಣೋದು ಬೇರೆ. ಗಿರಿಜನ ಹೆಣ್ಣುಮಕ್ಕಳಿಗೇ ಎಎನ್ಎಂ ತರಬೇತಿ ಕೊಟ್ಟು, ಬೇರೆ ಯಾರೂ ಹೋಗೋಕೆ ಒಪ್ಪದ ಉಪಕೇಂದ್ರಗಳಿಗೆ ಅವರನ್ನ ಕಳಿಸಿದ್ದು. ಹೆರಿಗೆ ಮಾಡಿಸೋಕೆ ಪೋಡಿನ ಹುಡುಗಿ ಆಗಬಹುದು ಅಂದ್ರೆ ಕುಡಿತ ಬಿಡಿಸೋಕೆ ಯಾಕಾಗಬಾರದು?

ಮೂರು ದಿನದ ಕಾರ್ಯಾಗಾರ, ಒಂದು ಬ್ಯಾಗು, ಒಂದು ಸರ್ಟಿಫಿಕೇಟು, ಗ್ರೂಪ್ ಫೋಟೋ... ಇದು ಮಾತ್ರ ಬೇಡ. ಈ ಕೆಲಸ ಬರೀ ಬುದ್ಧಿವಾದ ಅಲ್ಲ. ವರ್ಷಗಟ್ಟಲೆ ಕುಡಿದವನು ಒಂದೇ ಸಲ ನಿಲ್ಲಿಸಿದರೆ ಮೊದಲು ಕೈ ನಡುಕ, ಬೆವರು. ಮೊದಲ ಎರಡು ದಿನದಲ್ಲೇ ಫಿಟ್ಸ್ ಬರಬಹುದು. ಎರಡು ಮೂರು ದಿನಕ್ಕೆ ಇಲ್ಲದ್ದೆಲ್ಲಾ ಕಣ್ಣಿಗೆ ಕಾಣೋಕೆ ಶುರು, ಕೆಲವರು ಸತ್ತೇ ಹೋಗ್ತಾರೆ. ಊರಲ್ಲಿ ಇದನ್ನ ನೋಡಿದವರು "ಗಾಳಿ ಸೋಕಿದೆ" ಅಂತಾರೆ, ಇಲ್ಲಾ "ಕುಡಿಯೋದು ಬಿಟ್ಟಿದ್ದಕ್ಕೇ ಹಿಂಗಾಯ್ತು, ಒಂಚೂರು ಕೊಡಿ" ಅಂತಾರೆ. ಯಾರನ್ನ ಮನೇಲೇ ನೋಡ್ಕೋಬಹುದು, ಯಾರನ್ನ ಈಗಲೇ ಆಂಬುಲೆನ್ಸ್ ಹತ್ತಿಸಬೇಕು, ಬಿ1 ವಿಟಮಿನ್ ಯಾಕೆ ಕೊಡಬೇಕು, ಆರು ತಿಂಗಳು ಬಿಟ್ಟು ಮತ್ತೆ ಕುಡಿದವನನ್ನ ಹೇಗೆ ಮಾತಾಡಿಸಬೇಕು, ಇದೆಲ್ಲಾ ಕಲಿಯೋಕೆ ಕನಿಷ್ಠ ಒಂದು ವರ್ಷ ಬೇಕು. ಅದಕ್ಕೇ ಫೆಲೋಶಿಪ್ ಅಂತಿರೋದು. ಆ ವರ್ಷ ಕೂಲಿಗೆ ಹೋಗದೆ ಮನೆ ನಡೆಯೋವಷ್ಟು ಸ್ಟೈಪೆಂಡ್, ಕೆಲವು ತಿಂಗಳು ನಿಮ್ಹಾನ್ಸ್ ವ್ಯಸನ ಚಿಕಿತ್ಸಾ ವಿಭಾಗದಲ್ಲಿ ಕಲಿಕೆ, ಉಳಿದದ್ದು ಪೋಡುಗಳಲ್ಲಿ. ಮುಗಿದ ಮೇಲೆ ಸಂಬಳದ ಹುದ್ದೆ. ಹುದ್ದೆ ಇಲ್ಲ ಅಂದ್ರೆ ಕಲಿತ ಹುಡುಗ ಕೊಡಗಿನ ಬಸ್ಸು ಹತ್ತುತ್ತಾನೆ, ಅವನ ತಪ್ಪೇನಿಲ್ಲ.

ಒಂದು ಆಕ್ಷೇಪ ಬರುತ್ತೆ, ಅದರಲ್ಲಿ ತೂಕ ಇದೆ. ತಮ್ಮವರ ಗುಟ್ಟು ತಮ್ಮವರ ಹತ್ತಿರ ಹೇಳೋಕೇ ಜನ ಹೆದರ್ತಾರೆ, ಮೂವತ್ತು ಮನೆ ಪೋಡಿನಲ್ಲಿ ಮಾತು ಹಬ್ಬೋಕೆ ಎಷ್ಟು ಹೊತ್ತು? ಹಾಗಾಗಿ ಒಂದು ಪೋಡಿನವರು ಪಕ್ಕದ ಪೋಡುಗಳಲ್ಲಿ ಕೆಲಸ ಮಾಡೋ ಹಾಗಿರಬೇಕು ಅನ್ಸುತ್ತೆ. ಅರ್ಧಕ್ಕಿಂತ ಹೆಚ್ಚು ಹೆಣ್ಣುಮಕ್ಕಳಿರಲಿ. ಯಾಕಂದ್ರೆ ಏಟು ತಿನ್ನೋರು ಅವರು, ಮತ್ತೆ ಹೆಂಗಸರ ಎಲೆಅಡಿಕೆ, ಹೊಗೆಸೊಪ್ಪಿನ ಚಟದ ಬಗ್ಗೆ ಗಂಡಸರ ಹತ್ತಿರ ಯಾರೂ ಬಾಯಿ ಬಿಡಲ್ಲ. ಹಾಗೇ ಹನೂರು ಕಡೆ ಜೋಳದ ಹೊಲದ ಮಧ್ಯೆ ಗಾಂಜಾ ಸಿಕ್ಕಿತು ಅನ್ನೋ ಸುದ್ದಿ ಆಗಾಗ ಬರುತ್ತಲ್ಲ, ಅಲ್ಲಿ ಹೋಗೋದು ಪೊಲೀಸರು ಮಾತ್ರ. ಸೇದೋ ಹುಡುಗನ ಹತ್ತಿರ ಮಾತಾಡೋಕೆ ಯಾರೂ ಹೋಗಲ್ಲ.

ದುಡ್ಡೆಲ್ಲಿಂದ ಅಂತೀರಾ? 2025-26ರ ಬಜೆಟ್‌ನಲ್ಲಿ ರಾಜ್ಯ ಸರ್ಕಾರ ಅಬಕಾರಿಯಿಂದ ಇಟ್ಕೊಂಡಿದ್ದ ಗುರಿ 40,000 ಕೋಟಿ ರೂಪಾಯಿ. ಮದ್ಯಪಾನ ತಡೆಯೋದು ಸರ್ಕಾರದ ಕರ್ತವ್ಯ ಅಂತ ಸಂವಿಧಾನದ 47ನೇ ವಿಧಿ ಹೇಳುತ್ತೆ, ಅದು ಬೇರೆ ಮಾತು! ಮೂರು ತಾಲ್ಲೂಕಿಗೆ ಇಪ್ಪತ್ತು ಫೆಲೋಗಳು, ತಿಂಗಳಿಗೆ ಇಪ್ಪತ್ತೈದು ಸಾವಿರ ಅಂದ್ರೂ ವರ್ಷಕ್ಕೆ 60 ಲಕ್ಷ. ಆ 40,000 ಕೋಟಿಯನ್ನ ದಿನಕ್ಕೆ ಹಂಚಿದರೆ ನೂರು ಕೋಟಿ ಮೇಲಾಗುತ್ತೆ. ಅಂದ್ರೆ ಈ ಅರವತ್ತು ಲಕ್ಷ ಸರ್ಕಾರಕ್ಕೆ ಹತ್ತು ನಿಮಿಷದ ಆದಾಯವೂ ಅಲ್ಲ.

ಆಯ್ಕೆ ಮಾತ್ರ ಚಾಮರಾಜನಗರದ ಕಚೇರಿಯಲ್ಲಿ ಬೇಡ. ಪೋಡಿನ ನ್ಯಾಯ ಕೂರೋ ಜಾಗದಲ್ಲೇ ಆಗಲಿ, ಯಜಮಾನರು, ಪಟ್ಟಗಾರರು, ಜೊತೆಗೆ ಗಂಡನ ಕುಡಿತದಿಂದ ನೊಂದ ನಾಲ್ಕು ಹೆಂಗಸರು ಕೂತ್ಕೊಳ್ಳಲಿ. ಪ್ರಶ್ನೆಗಳನ್ನ ಆ ಹೆಂಗಸರೇ ಕೇಳಲಿ.