ಇಲಿ ಆಗೋಕೂ ಆಡಿಷನ್ ಬೇಕಾ?

ನಮ್ಮಕ್ಕನ ಮಗಳು ಎರಡನೇ ಕ್ಲಾಸು. ಊರಿಂದ ಎಂಟು ಕಿಲೋಮೀಟರ್ ದೂರದ ತಾಲ್ಲೂಕು ಕೇಂದ್ರದಲ್ಲಿರುವ ಇಂಗ್ಲಿಷ್ ಮೀಡಿಯಂ ಶಾಲೆಗೆ ಹಳದಿ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಕಳೆದ ನವೆಂಬರಿನಲ್ಲಿ ಶಾಲೆಯ ವಾಟ್ಸಾಪ್ ಗ್ರೂಪಿಗೆ ಒಂದು ಮೆಸೇಜು ಬಂತು. ಸ್ಕೂಲ್ ಡೇಗೆ 'ಕಿಂದರಿಜೋಗಿ' ಸಂಗೀತ ನಾಟಕ ಮಾಡಿಸುತ್ತಾರೆ. ಮುಂದಿನ ವಾರದ ಶನಿವಾರ ಆಡಿಷನ್. ಸೇರಬೇಕೆನ್ನುವ ಮಕ್ಕಳು ಒಂದು ಹಾಡು ಕಲಿತು ಬರಬೇಕು, ಟ್ರ್ಯಾಕ್ ಅನ್ನು ಪೆನ್‌ಡ್ರೈವಿನಲ್ಲಿ ಹಾಕಿ ಕಳಿಸಬೇಕು. ಪತ್ರಿಕೋದ್ಯಮ ಓದಿದ ತಪ್ಪಿಗೆ ಮನೆಯಲ್ಲಿ ಎಲ್ಲದಕ್ಕೂ ನನ್ನನ್ನೇ ಕೇಳುತ್ತಾರೆ. "ಮಾಮ, ನೀನೇ ಹೇಳ್ಕೊಡು" ಅಂತ ಬಂದು ಕೂತಳು.

ನಾನು ಮಾಡಿದ್ದನ್ನು ಮೊದಲು ಒಪ್ಪಿಕೊಂಡುಬಿಡುತ್ತೇನೆ. ಯೂಟ್ಯೂಬಿನಲ್ಲಿ ಟಿವಿ ಶೋ ಒಂದರ ಹುಡುಗಿ ಹಾಡಿದ ಸಿನಿಮಾ ಹಾಡು ಹುಡುಕಿದೆ. ಆ ಹುಡುಗಿ ಕೈ ಎತ್ತಿದ ಕಡೆ ಇವಳ ಕೈ ಎತ್ತಿಸಿದೆ, ಅವಳು ಕಣ್ಣು ಮುಚ್ಚಿದ ಕಡೆ ಇವಳ ಕಣ್ಣು ಮುಚ್ಚಿಸಿದೆ. ಹತ್ತು ದಿನ, ದಿನಕ್ಕೆ ಒಂದೊಂದು ಗಂಟೆ. ಕೊನೆಯ ಎರಡು ದಿನ ಗಂಟಲು ಕಟ್ಟಿತ್ತು, ಆದರೂ ಬಿಡಲಿಲ್ಲ. ಶನಿವಾರ ಟ್ರ್ಯಾಕು ಶುರುವಾಯಿತು. ಮಗು ಎತ್ತಿಕೊಳ್ಳುವುದು ತಡವಾಯಿತು. ಎರಡನೇ ಸಾಲಿಗೆ "ನೆಕ್ಸ್ಟ್" ಅಂದರಂತೆ. ಸಂಜೆ ಗ್ರೂಪಿಗೆ ಪಟ್ಟಿ ಬಂತು. ನಲವತ್ತು ಹೆಸರು. ಜೋಗಿಯ ಪಾರ್ಟು ಬೇಡ, ಗೌಡನ ಪಾರ್ಟು ಬೇಡ, ಇಲಿಗಳ ಗುಂಪಿನಲ್ಲೂ ಇವಳ ಹೆಸರಿರಲಿಲ್ಲ.

"ನಂಗೆ ವಾಯ್ಸೇ ಇಲ್ವಂತೆ ಮಾಮ" ಅಂದಳು. ಅವತ್ತಿನವರೆಗೆ ಬಚ್ಚಲುಮನೆಯಲ್ಲಿ ನೀರು ಆರುವ ತನಕ ಹಾಡುತ್ತಿದ್ದವಳು ಅವಳು. ಈಗ ಹಾಡುವುದಿಲ್ಲ. ಕೇಳಿದರೆ "ನಂಗ್ ಬರಲ್ಲ" ಅನ್ನುತ್ತಾಳೆ. ಏಳು ವರ್ಷದ ಮಗುವಿಗೆ ಏನು ಬರುತ್ತೆ, ಏನು ಬರಲ್ಲ ಅಂತ ಅರ್ಧ ನಿಮಿಷದಲ್ಲಿ ತೀರ್ಮಾನ ಮಾಡುವ ಹಕ್ಕು ಯಾರಿಗೆ ಯಾರು ಕೊಟ್ಟರು?

ನನ್ನ ವಾದ ಇಷ್ಟೇ. ನಾಲ್ಕನೇ ಕ್ಲಾಸಿನವರೆಗಿನ ಮಕ್ಕಳ ಶಾಲಾ ನಾಟಕದಿಂದ ಯಾವ ಮಗುವನ್ನೂ ಆಡಿಷನ್ ಹೆಸರಿನಲ್ಲಿ ಹೊರಗೆ ಹಾಕಬಾರದು. ಯಾರಿಗೆ ಯಾವ ಪಾರ್ಟು ಅಂತ ನೋಡುವುದಕ್ಕೆ ಆಯ್ಕೆ ಇರಲಿ. ಯಾರು ಬೇಡ ಅಂತ ನೋಡುವುದಕ್ಕೆ ಬೇಡ.

2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ ತೆಗೆದು ನೋಡಿ. ಶಾಲೆಗೆ ಸೇರಿಸಿಕೊಳ್ಳುವಾಗ ಮಗುವನ್ನಾಗಲಿ ತಂದೆ ತಾಯಿಯನ್ನಾಗಲಿ ಪರೀಕ್ಷೆಗೆ ಕೂರಿಸಿ ಆರಿಸುವಂತಿಲ್ಲ. ಗೇಟಿನಲ್ಲಿ ಜರಡಿ ಹಿಡಿಯಬಾರದು ಅಂತ ಕಾನೂನೇ ಹೇಳುತ್ತದೆ. ಅದೇ ಮಗು ಅದೇ ಶಾಲೆಯ ಸ್ಟೇಜಿನ ಮೆಟ್ಟಿಲು ಹತ್ತುವಾಗ ಮಾತ್ರ ಜರಡಿ ಹಿಡಿಯುವುದು ಯಾವ ನ್ಯಾಯ? ನಾಟಕ ಕಾಯ್ದೆಯೊಳಗೆ ಬರುವುದಿಲ್ಲ ಅಂತ ನನಗೂ ಗೊತ್ತು. ಆ ಕಾಯ್ದೆಯ ಹಿಂದಿರುವ ವಿವೇಕ ಬರಬೇಡವೇ ಅಂತ ಕೇಳುತ್ತಿದ್ದೇನೆ.

ಇನ್ನು ಆ "ವಾಯ್ಸ್ ಇಲ್ಲ" ಅನ್ನುವ ಮಾತು. ಆಮೇಲೆ ಪಕ್ಕದೂರಿನ ಭಜನೆ ಮನೆಯಲ್ಲಿ ಹಾರ್ಮೋನಿಯಂ ನುಡಿಸುವ ಹಿರಿಯರೊಬ್ಬರ ಹತ್ತಿರ ಇವಳನ್ನು ಕರೆದುಕೊಂಡು ಹೋದೆ. ಅವರು ಹಾಡಿಸಲೇ ಇಲ್ಲ. "ಅಂಗಳದ ಆ ತುದೀಲಿ ನಿಮ್ಮಮ್ಮ ಇದಾಳೆ ಅಂದ್ಕೊಂಡು ಒಂದ್ಸಲ ಕೂಗು ಪುಟ್ಟಿ" ಅಂದರು. ಕೂಗಿದಳು. ಆ ದನಿ ಹಿಡಿದು ಹಾರ್ಮೋನಿಯಂ ಮೇಲೆ ಬೆರಳಿಟ್ಟು ಅಲ್ಲಿಂದ ಎತ್ತಿಕೊಂಡರು. ಮಗು ಮೂರು ಸಾಲು ಅವರ ಜೊತೆ ಸರಿಯಾಗಿ ಹಾಡಿತು. ಇಲ್ಲದ ವಾಯ್ಸು ಎಲ್ಲಿಂದ ಬಂತು?

ವಿಷಯ ಸರಳ. ಗಂಡಸರು ಸಾಮಾನ್ಯವಾಗಿ ಒಂದು, ಒಂದೂವರೆ, ಎರಡು ಮನೆಯ ಶ್ರುತಿಯಲ್ಲಿ ಹಾಡುತ್ತಾರೆ. ಹೆಂಗಸರು ನಾಲ್ಕೂವರೆಯಿಂದ ಆರರ ಆಸುಪಾಸು. ಏಳೆಂಟು ವರ್ಷದ ಮಕ್ಕಳ ದನಿ, ಹುಡುಗನಾಗಲಿ ಹುಡುಗಿಯಾಗಲಿ, ಹೆಂಗಸರ ದನಿಗೇ ಹತ್ತಿರ. ಮೇಷ್ಟ್ರು ತಮ್ಮ ತಗ್ಗಿನ ಶ್ರುತಿಯಲ್ಲಿ ಹಾಡಿ "ಹೀಗೇ ಹಾಡು" ಅಂದರೆ ಮಗು ಆ ತಗ್ಗಿಗೆ ಇಳಿಯಲು ಹೋಗಿ ಗೊಗ್ಗರಾಗುತ್ತದೆ, ಇಲ್ಲವೇ ದಾರಿ ತಪ್ಪಿ ಚೀರುತ್ತದೆ. ಸಿನಿಮಾ ಹಾಡಿನ ಟ್ರ್ಯಾಕಂತೂ ದೊಡ್ಡವರ ಗಂಟಲಿಗೆ ಕೂರಿಸಿದ್ದು. ಅದು ಮಗುವಿಗಾಗಿ ಕಾಯುವುದೂ ಇಲ್ಲ, ಬಗ್ಗುವುದೂ ಇಲ್ಲ. ಜೊತೆಗೆ ಶ್ರುತಿ ಹಿಡಿಯುವುದು ಎಷ್ಟೋ ಮಕ್ಕಳಿಗೆ ವಯಸ್ಸಾದಂತೆ, ಹಾಡುತ್ತಾ ಹಾಡುತ್ತಾ ಬರುವ ವಿದ್ಯೆ. ಹಾಡುವುದನ್ನೇ ನಿಲ್ಲಿಸಿಬಿಟ್ಟರೆ ಬರುವುದು ಯಾವಾಗ? ಆ ಶನಿವಾರ ಶಾಲೆ ಅಳೆದಿದ್ದು ಮಗುವಿನ ದನಿಯನ್ನಲ್ಲ. ಯಾರ ಮನೆಯಲ್ಲಿ ಸರಿಯಾದ ಟ್ರ್ಯಾಕು ಹುಡುಕಿಕೊಡುವವರಿದ್ದಾರೆ, ಯಾರಿಗೆ ಸಂಗೀತದ ಕ್ಲಾಸಿದೆ ಅನ್ನುವುದನ್ನು ಅಳೆಯಿತು. ಆಯ್ಕೆಯಾದವರಲ್ಲಿ ಬಸ್ಸಿನಲ್ಲಿ ಹಳ್ಳಿಯಿಂದ ಬರುವ ಮಕ್ಕಳು ಎಷ್ಟು ಅಂತ ಅಕ್ಕ ಎಣಿಸಿದಳು. ನಲವತ್ತರಲ್ಲಿ ಆರು.

ಶಾಲೆಯವರ ಕಷ್ಟವೂ ಇದೆ, ಇಲ್ಲ ಅನ್ನುವುದಿಲ್ಲ. ಒಬ್ಬರೇ ಡ್ರಾಮಾ ಟೀಚರು, ನೂರಾರು ಮಕ್ಕಳು, ಅರ್ಧ ಗಂಟೆಯ ನಾಟಕ, ಎದುರಿಗೆ ಮೊಬೈಲ್ ಹಿಡಿದು ಕೂತ ಅಪ್ಪ ಅಮ್ಮಂದಿರು. "ಎಲ್ಲರನ್ನೂ ಹತ್ತಿಸಿದರೆ ಗಲಾಟೆ ಆಗುತ್ತೆ ಸಾರ್" ಅನ್ನುತ್ತಾರೆ. ಆದರೆ ಅವರು ಆರಿಸಿಕೊಂಡ ನಾಟಕ ಯಾವುದು? ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ'. ಒಂದು ಊರಿಗೆ ಊರೇ ಇಲಿಮಯವಾದ ಕಥೆ. ಹತ್ತು ಇಲಿ ಇದ್ದರೂ ನಡೆಯುತ್ತದೆ, ಇನ್ನೂರು ಇಲಿ ಇದ್ದರೆ ಇನ್ನೂ ಚೆನ್ನ. ಇಲಿಗಳು ಮುಗಿದರೆ ಊರಿನ ಜನ, ಊರಿನ ಜನ ಮುಗಿದರೆ ಜೋಗಿಯ ಹಿಂದೆ ಹೋಗುವ ಮಕ್ಕಳು. ಇಷ್ಟು ಜನ ಹಿಡಿಸುವ ನಾಟಕ ಇಟ್ಟುಕೊಂಡು ಮಗುವಿಗೆ ಜಾಗ ಇಲ್ಲ ಅನ್ನುವುದಾದರೆ ಜಾಗ ಕಡಿಮೆ ಇರುವುದು ಸ್ಟೇಜಿನಲ್ಲಲ್ಲ.

ಈ ಕಥೆಗೆ ಮೂಲ ರಾಬರ್ಟ್ ಬ್ರೌನಿಂಗ್ ಬರೆದ ಇಂಗ್ಲಿಷ್ ಕವಿತೆ. ಅದರಲ್ಲಿ ಕಾಲು ಕುಂಟಾದ ಹುಡುಗನೊಬ್ಬ ಉಳಿದವರ ಜೊತೆ ಕುಣಿಯುತ್ತಾ ಹೋಗಲಾರದೆ ಹಿಂದೆ ಬೀಳುತ್ತಾನೆ. ಅವನು ತಲುಪುವಷ್ಟರಲ್ಲಿ ಬೆಟ್ಟದ ಬಾಗಿಲು ಮುಚ್ಚಿರುತ್ತದೆ. ಬದುಕಿಡೀ ಅವನಿಗೆ ಅದೇ ಕೊರಗು. ಆ ಕಥೆಯನ್ನು ಸ್ಟೇಜಿಗೆ ತರುವವರೇ ಬೆಟ್ಟದ ಬಾಗಿಲು ಮುಚ್ಚಿದರೆ ಏನನ್ನಬೇಕು?

ನಮ್ಮಲ್ಲಿ ಬೇರೆ ದಾರಿ ಇಲ್ಲವೇ ಅಂದರೆ, ಇದೆ. ಪ್ರೇಮಾ ಕಾರಂತರು 1979ರಲ್ಲಿ ಬೆನಕ ಮಕ್ಕಳ ಕೇಂದ್ರ ಕಟ್ಟಿದರು. ಅದರ ಮೊದಮೊದಲ ನಾಟಕಗಳಲ್ಲಿ ಒಂದು 'ಅಳಿಲು ರಾಮಾಯಣ'. ಅಷ್ಟು ದೊಡ್ಡ ರಾಮಾಯಣದಲ್ಲಿ ಮಕ್ಕಳಿಗಾಗಿ ಹುಡುಕಿ ತೆಗೆದದ್ದು ಅಳಿಲನ್ನು! ಮೈಸೂರಿನ ರಂಗಾಯಣದ ಚಿಣ್ಣರ ಮೇಳದಲ್ಲಿ ಬೇಸಿಗೆ ಮುಗಿಯುವಾಗ ಮಕ್ಕಳು ಗುಂಪು ಗುಂಪಾಗಿ ನಾಟಕ ಆಡುತ್ತಾರೆ. ಕಂಪನಿ ನಾಟಕದ ಕಾಲದಲ್ಲೂ ಪರದೆ ಏಳುವಾಗ ಪಾತ್ರಧಾರಿಗಳೆಲ್ಲ ಸಾಲಾಗಿ ನಿಂತು ಪ್ರಾರ್ಥನೆ ಹಾಡುವ ಪದ್ಧತಿ ಇತ್ತು. ಗುಬ್ಬಿ ವೀರಣ್ಣನವರು ರಂಗಕ್ಕೆ ಬಂದಿದ್ದು ಎಳೆಯ ವಯಸ್ಸಿನಲ್ಲಿ. ಬಿ.ವಿ. ಕಾರಂತರು ಹುಡುಗನಾಗಿದ್ದಾಗ ಮನೆ ಬಿಟ್ಟು ಓಡಿಬಂದು ಗುಬ್ಬಿ ಕಂಪನಿ ಸೇರಿದರು. ಕಂಪನಿಗಳಲ್ಲಿ ಮಕ್ಕಳ ಬದುಕು ಹೂವಿನ ಹಾಸಿಗೆಯಾಗಿತ್ತು ಅಂತ ನಾನು ಹೇಳುತ್ತಿಲ್ಲ. ಆದರೆ ಅವರು ಹಾಡಲು ಕಲಿತದ್ದು ಹಾಡುವವರ ನಡುವೆ ನಿಂತು. ಒಬ್ಬರೇ ಮೇಜಿನ ಎದುರು ನಿಂತು ಮೊಬೈಲ್ ಟ್ರ್ಯಾಕಿಗೆ ತುಟಿ ಆಡಿಸಿ ಅಲ್ಲ.

ಸರಿ, ಆಡಿಷನ್ ನಿಲ್ಲುವ ತನಕ ಮಗುವನ್ನು ಹೇಗೆ ತಯಾರು ಮಾಡಬೇಕು? ನನ್ನ ತಪ್ಪಿನಿಂದ ಕಲಿತದ್ದನ್ನು ಹೇಳುತ್ತೇನೆ. ಮೊದಲು ನಾಟಕದ ಕಥೆ ಹೇಳಿ, ಆಮೇಲೆ ಮಗು ತನ್ನ ಮಾತಿನಲ್ಲಿ ನಿಮಗೆ ಹೇಳಲಿ. ಸಿನಿಮಾ ಹಾಡು ಬಿಡಿ, ಅದಕ್ಕೆ ಈಗಾಗಲೇ ಬಾಯಿಗೆ ಬರುವ ಶಿಶುಗೀತೆಯೋ ಅಜ್ಜಿ ಹೇಳಿಕೊಟ್ಟ ಪದವೋ ಸಾಕು. ಕೂಗಿಸಿ ನೋಡಿ ಅದರ ಶ್ರುತಿ ಹಿಡಿಯಿರಿ. ಟ್ರ್ಯಾಕ್ ಇಲ್ಲದೆ ಚಪ್ಪಾಳೆ ತಟ್ಟಿಕೊಂಡು ಹಾಡಲಿ. ಹಾಗೆ ಕಲಿತ ಮಗು ಸ್ಪೀಕರ್ ಕೆಟ್ಟರೂ ಹಾಡುತ್ತದೆ. ಕೈ ಹೀಗೆ, ಕಣ್ಣು ಹಾಗೆ ಅಂತ ತಿದ್ದಬೇಡಿ. "ಈ ಹಾಡು ಯಾರಿಗೆ ಹೇಳ್ತಿದೀಯ?" ಅಂತ ಕೇಳಿ, ಕೈ ತಾನಾಗೇ ಏಳುತ್ತದೆ. ದಿನಕ್ಕೆ ಹತ್ತು ನಿಮಿಷ ಸಾಕು. ಗಂಟಲು ಕಟ್ಟಿದ ದಿನ ರಜೆ. ಮರೆಯುವುದನ್ನೂ ಅಭ್ಯಾಸ ಮಾಡಿಸಿ: ಮರೆತರೆ ನಿಂತು ಉಸಿರು ತಗೊಂಡು "ಇನ್ನೊಂದ್ಸಲ ಹಾಡ್ತೀನಿ ಮಿಸ್" ಅನ್ನುವುದನ್ನು ಕಲಿಸಿ. ನಮ್ಮ ಮಗುವಿಗೆ ಈ ಒಂದು ಮಾತು ಗೊತ್ತಿದ್ದರೆ ಸಾಕಿತ್ತು. ಮನೆಗೆ ಬಂದ ಮೇಲೆ "ಸೆಲೆಕ್ಟ್ ಆದ್ಯಾ?" ಅಂತ ಕೇಳಬೇಡಿ. "ಬೇರೆಯವರು ಏನೇನು ಹಾಡಿದ್ರು?" ಅಂತ ಕೇಳಿ.

ಇಷ್ಟೆಲ್ಲ ಮಾಡಿದರೂ ಜರಡಿ ಜರಡಿಯೇ. ಮನೆಯಲ್ಲಿ ನಾವು ಎಷ್ಟೇ ತಯಾರು ಮಾಡಿದರೂ ಹೇಳಿಕೊಡುವ ಮಾಮ ಇಲ್ಲದ ಮಗು ಕೆಳಗೆ ಬೀಳುತ್ತದೆ. ಅದಕ್ಕೇ ಈ ಮಾತು ಪೇರೆಂಟ್ಸ್ ಮೀಟಿಂಗಿನಲ್ಲಿ ಎದ್ದು ನಿಂತು ಕೇಳಬೇಕಾದ್ದು. ಸರ್ಕಾರಿ ಶಾಲೆಯಾದರೆ ಎಸ್‌ಡಿಎಂಸಿ ಸಭೆಯಲ್ಲಿ. ಕೇಳಬೇಕಾದ್ದೂ ಬಹಳ ಇಲ್ಲ. ಒಂದು, ನಾಲ್ಕನೇ ಕ್ಲಾಸಿನವರೆಗೆ ಬರುತ್ತೇನೆಂದ ಪ್ರತಿ ಮಗುವಿಗೂ ನಾಟಕದಲ್ಲಿ ಜಾಗ, ಹಾಡಲು ಒಂದು ಸಾಲಾದರೂ. ಎರಡು, ಆಯ್ಕೆ ಗುಂಪಿನಲ್ಲಿ, ಆಟದ ಹಾಗೆ, ಶಾಲೆಯಲ್ಲೇ ಎಲ್ಲರಿಗೂ ಒಂದೇ ಹಾಡು ಕಲಿಸಿದ ಮೇಲೆ. ಮೂರು, ಪಟ್ಟಿ ವಾಟ್ಸಾಪಿಗೆ ಬೇಡ. ಯಾವ ಪಾರ್ಟು ಅಂತ ಮಗುವಿಗೆ ಟೀಚರೇ ಹೇಳಲಿ. ನಾಲ್ಕು, ಡ್ರೆಸ್ಸಿನ ಬಾಡಿಗೆ ಕಟ್ಟಲಾಗದ ಮನೆಯ ಮಗು ಹಳೇ ಗೋಣಿಚೀಲದ ಬಾಲ ಕಟ್ಟಿಕೊಂಡು ಇಲಿಯಾಗಲಿ, ಯಾರೂ ನಗಬಾರದು.

ಡಿಸೆಂಬರ್ ಬಂದರೆ ನಿಮ್ಮೂರಿನ ಶಾಲೆಯಲ್ಲೂ ಸ್ಕೂಲ್ ಡೇ ತಯಾರಿ ಶುರುವಾಗುತ್ತದೆ. ಪಟ್ಟಿ ಬರುವ ಮುಂಚೆ ಹೋಗಿ ಕೇಳಿ, ಬಂದ ಮೇಲೆ ಕೇಳಿದರೆ ನಿಮ್ಮ ಮಗುವಿಗೆ ಸೀಟು ಕೇಳಲು ಬಂದವರ ಹಾಗೆ ಕಾಣುತ್ತೀರಿ. ನಾನು ಮತ್ತು ಅಕ್ಕ ಈ ಸಲ ಜೂನಿನಲ್ಲೇ ಹೋಗಿ ಅರ್ಜಿ ಕೊಟ್ಟು ಬಂದಿದ್ದೇವೆ. "ನೋಡೋಣ" ಅಂದಿದ್ದಾರೆ. ಅಂಗಳದ ತುದಿಯಿಂದ ಅಮ್ಮನನ್ನು ಕೂಗುವ ಆಟ ಮಾತ್ರ ಮನೆಯಲ್ಲಿ ದಿನಾ ನಡೆಯುತ್ತಿದೆ.