ಆರೇ ಬಣ್ಣ ಏಕೆ, ಮೇಷ್ಟ್ರೇ?

ಒಂಬತ್ತನೇ ತರಗತಿಯ ವಿದ್ಯಾರ್ಥಿನಿಯೊಬ್ಬಳು ಈ ಅಂಕಣಕ್ಕೆ ಪತ್ರ ಬರೆದಿದ್ದಾಳೆ. ಬೆಂಗಳೂರಿನ 'ನಮ್ಮ ಪ್ರೈಡ್' ಮೆರವಣಿಗೆಯ ಚಿತ್ರವನ್ನು ಪತ್ರಿಕೆಯಲ್ಲಿ ನೋಡಿದಳಂತೆ. 'ಕಾಮನಬಿಲ್ಲಿಗೆ ಏಳು ಬಣ್ಣ ಎಂದು ನೀವೇ ಬರೆದಿದ್ದಿರಿ. ಅವರ ಬಾವುಟದಲ್ಲಿ ಎಣಿಸಿದರೆ ಆರೇ ಇವೆ. ಅಪ್ಪನನ್ನು ಕೇಳಿದರೆ ಅದೆಲ್ಲ ನಿನಗೇಕೆ ಎಂದರು. ನೀವಾದರೂ ಹೇಳಿ' ಎನ್ನುತ್ತಾಳೆ. ಎಣಿಸಿ ನೋಡುವ ಮಕ್ಕಳೆಂದರೆ ನನಗೆ ತುಂಬ ಪ್ರೀತಿ. ಅವಳ ತಂದೆಯವರ ಕ್ಷಮೆ ಕೋರಿ ಉತ್ತರ ಬರೆಯುತ್ತಿದ್ದೇನೆ.

ಮೊದಲು ಏಳರ ಕಥೆ. 'ನೇಊನೀಹಹಕಿಕೆ' ಎಂದು ನಾವೆಲ್ಲ ಬಾಯಿಪಾಠ ಮಾಡಿದವರೇ. ಆದರೆ ಪಟ್ಟಕದಿಂದ ಹೊರಬರುವ ಬೆಳಕಿನಲ್ಲಿ, ಇಲ್ಲಿಗೆ ಹಸಿರು ಮುಗಿಯಿತು, ಇಲ್ಲಿಂದ ಹಳದಿ ಎಂದು ಗೆರೆ ಎಳೆದಿರುವುದಿಲ್ಲ. ಒಂದು ಇನ್ನೊಂದರೊಳಗೆ ಕರಗುತ್ತ ಹೋಗುತ್ತದೆ. ನ್ಯೂಟನ್ ಮೊದಲು ಹೆಸರಿಸಿದ್ದು ಐದೇ ಬಣ್ಣ. ಸಂಗೀತದ ಏಳು ಸ್ವರಗಳಿಗೆ ಹೊಂದಲಿ ಎಂದು ಆಮೇಲೆ ಕಿತ್ತಳೆಯನ್ನೂ ಊದಾವನ್ನೂ ಸೇರಿಸಿದ!

ಬಾವುಟದ ಕಥೆ ಇನ್ನೂ ಸ್ವಾರಸ್ಯದ್ದು. ಸಲಿಂಗಪ್ರೇಮಿಗಳ ಮೆರವಣಿಗೆಗೆಂದು ಗಿಲ್ಬರ್ಟ್ ಬೇಕರ್ ಎಂಬ ಕಲಾವಿದ ಸ್ನೇಹಿತರೊಡನೆ ಸಿದ್ಧಪಡಿಸಿದ ಬಾವುಟ 1978ರ ಜೂನ್ 25ರಂದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹಾರಿತು. ಅದರಲ್ಲಿ ಎಂಟು ಬಣ್ಣಗಳಿದ್ದವು. ಗುಲಾಬಿ ಬಟ್ಟೆ ಸುಲಭವಾಗಿ ಸಿಗದೆ ಏಳಾಯಿತು. ಮರುವರ್ಷ ಬೀದಿಯ ದೀಪದ ಕಂಬಗಳ ಎರಡು ಬದಿಗೂ ಸಮನಾಗಿ ಹಂಚಿ ಕಟ್ಟಬೇಕಾಗಿ ಬಂದು ಇನ್ನೊಂದನ್ನು ಬಿಟ್ಟರು, ಆರಾಯಿತು. ಅಷ್ಟೇ ಮಗು, ಗೂಢಾರ್ಥವೇನೂ ಇಲ್ಲ.

ಆದರೆ ಆರರಲ್ಲಿ ನಾವಿಲ್ಲ ಎಂದು ಮೆರವಣಿಗೆಯೊಳಗಿನವರೇ ಹೇಳತೊಡಗಿದರು. 2017ರಲ್ಲಿ ಫಿಲಡೆಲ್ಫಿಯಾ ನಗರದಲ್ಲಿ ಕಪ್ಪು, ಕಂದು ಪಟ್ಟಿಗಳು ಸೇರಿದವು. ಬಿಳಿಯರಲ್ಲದವರಿಗೆ ತಮ್ಮವರ ನಡುವೆಯೂ ಮರ್ಯಾದೆಯಿಲ್ಲ ಎಂಬ ದೂರು ಅದರ ಹಿಂದಿತ್ತು. ಬಟ್ಟೆಗೆ ಪಟ್ಟಿ ಸೇರಿಸಲು ಒಬ್ಬ ದರ್ಜಿ ಸಾಕು. ಯಾರು ನಡೆಯುತ್ತಾರೆ, ಮೈಕು ಯಾರ ಕೈಯಲ್ಲಿರುತ್ತದೆ ಎಂಬುದು ಕಷ್ಟದ ಲೆಕ್ಕ.

ನಮ್ಮ ದೇಶದ ಮೊದಲ ಇಂಥ ನಡಿಗೆ 1999ರ ಜುಲೈ 2ರಂದು ಕೋಲ್ಕತ್ತದಲ್ಲಿ ನಡೆದಾಗ ಬಂದಿದ್ದವರು ಸುಮಾರು 15 ಮಂದಿ. ಬೆಂಗಳೂರಿನ ಮೊದಲ ಮೆರವಣಿಗೆ 2008ರ ಜೂನ್ 29ರಂದು. ಎಷ್ಟೋ ಮಂದಿ ಅಂದು ಮುಖವಾಡ ಹಾಕಿಕೊಂಡು ನಡೆದರು.

ಮುಖವಾಡದ ಹಿಂದಿದ್ದವರಲ್ಲಿ ಒಬ್ಬ ನನ್ನ ವಿದ್ಯಾರ್ಥಿ. ಇದು ನನಗೆ ತಿಳಿದದ್ದು ಬಹಳ ತಡವಾಗಿ, ಅವನೇ ಮನೆಗೆ ಬಂದು ಹೇಳಿದಾಗ. ತೊಂಬತ್ತರ ದಶಕದ ಕೊನೆಯಲ್ಲಿ ನಾನು ಹೊಸ ಮೇಷ್ಟ್ರು. ಗಲಾಟೆ ಮಾಡಿದ ಹುಡುಗರನ್ನು ಹೆಣ್ಣುಮಕ್ಕಳ ಬೆಂಚಿನಲ್ಲಿ ಕೂರಿಸುವುದು ನಮ್ಮ ಶಾಲೆಯಲ್ಲಿದ್ದ ಶಿಕ್ಷೆ. ಮೆತ್ತಗೆ ಮಾತನಾಡುತ್ತಿದ್ದ ಇವನನ್ನು ಒಮ್ಮೆ ಹಾಗೆ ಕೂರಿಸಿದೆ. 'ಸರಿಯಾದ ಜಾಗ ಸಾರ್' ಎಂದು ಹಿಂದಿನಿಂದ ಯಾರೋ ಕೂಗಿದರು. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ. ನನಗೆ ಅದು ಮರೆತೇಹೋಗಿತ್ತು. ಅವನಿಗೆ ತಾರೀಖು ಸಹಿತ ನೆನಪಿತ್ತು. ಏನು ಹೇಳುವುದೆಂದು ತೋಚದೆ ಒಳಗೆ ಹೋಗಿ ಕಾಫಿ ತಂದೆ.

2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು, ವಯಸ್ಕರು ಪರಸ್ಪರ ಒಪ್ಪಿ ನಡೆಸುವ ಸಲಿಂಗ ಸಂಬಂಧ ಅಪರಾಧವಲ್ಲವೆಂದು ತೀರ್ಪಿತ್ತ ಮೇಲೆ ಅವನು ಮುಖವಾಡ ತೆಗೆದಿಟ್ಟ. ಮನೆಯಲ್ಲಿ ಮಾತ್ರ ತಂದೆ ಇಂದಿಗೂ ಆ ಸುದ್ದಿ ಎತ್ತುವುದಿಲ್ಲ. ತಾಯಿಯ ಮನಸ್ಸು ತಿರುಗಿದ ಬಗೆಯೇ ಬೇರೆ. 2021ರ ನವೆಂಬರಿನಲ್ಲಿ ಮಂಜಮ್ಮ ಜೋಗತಿ ಪದ್ಮಶ್ರೀ ಪಡೆಯುವ ಮುನ್ನ ಸೆರಗು ಹಿಡಿದು ರಾಷ್ಟ್ರಪತಿಗಳಿಗೆ ದೃಷ್ಟಿ ತೆಗೆದದ್ದನ್ನು ಆಕೆ ಟಿವಿಯಲ್ಲಿ ನೋಡಿದರು. ಬಳ್ಳಾರಿ ಸೀಮೆಯವರು, ಜಾತ್ರೆಯಲ್ಲಿ ಜೋಗತಿಯರಿಗೆ ಕೈಮುಗಿದು ಬೆಳೆದವರು. 'ಇವರೂ ನಿಮ್ಮ ಮೆರವಣಿಗೆಗೆ ಬರ್ತಾರೇನೋ?' ಎಂದು ಮಗನನ್ನು ಕೇಳಿದರಂತೆ. 'ಅವರಂಥವರು ಮೊದಲಿನಿಂದಲೂ ಬರ್ತಾರಮ್ಮ' ಎಂದನಂತೆ ಇವನು.

ಅವನು ಹೇಳಿದ್ದು ಸುಳ್ಳಲ್ಲ. ಬೆಂಗಳೂರಿನ ಈ ಚಳವಳಿಯಲ್ಲಿ ಇಂಗ್ಲಿಷ್ ಬಲ್ಲ ಎಂಜಿನಿಯರುಗಳಿಗಿಂತ ಮೊದಲೇ ಪೊಲೀಸರ ಲಾಠಿ ತಿಂದವರು ಹಿಜ್ರಾಗಳು, ಬಡವರು. ಮೆರವಣಿಗೆಯ ಸುತ್ತಲಿನ ಕಾರ್ಯಕ್ರಮಗಳಿಗೆ ಇಟ್ಟ ಹೆಸರೂ 'ಕರ್ನಾಟಕ ಕ್ವೀರ್ ಹಬ್ಬ'. ಹಬ್ಬ ಎಂದಮೇಲೆ ನೆಂಟರಿಷ್ಟರೂ ಬರಬೇಕಲ್ಲ!

ಮರುವರ್ಷ ಆ ತಾಯಿ ಹೋದರು. ಮೆರವಣಿಗೆಯಲ್ಲಿ ನಡೆಯಲಿಲ್ಲ, ಫುಟ್‌ಪಾತಿನಲ್ಲಿ ನಿಂತು ನೋಡಿದರು. ಡೊಳ್ಳು, ತಮಟೆ ಅರ್ಥವಾಯಿತು. ಕೈಗಳಲ್ಲಿದ್ದ ಫಲಕಗಳು ಅರ್ಥವಾಗಲಿಲ್ಲ. ಮಗನ ಫಲಕವೂ ಇಂಗ್ಲಿಷಿನಲ್ಲೇ ಇತ್ತು. 'ಏನು ಬರೆದೀಯೋ ಅಂತ ನನಗೇ ಗೊತ್ತಾಗಲಿಲ್ಲ. ನಿಮ್ಮಪ್ಪನಿಗೆ ಏನು ಹೇಳಲಿ?' ಎಂದು ಮನೆಯಲ್ಲಿ ಕೇಳಿದರಂತೆ. ಆಮೇಲಿಂದ ಅವನು ಕನ್ನಡದಲ್ಲೇ ಬರೆಯುತ್ತಾನೆ. ನನ್ನಲ್ಲಿಗೆ ಬಂದದ್ದೂ ಅದಕ್ಕೇ, ಕಾಗುಣಿತ ತಿದ್ದಿಸಿಕೊಳ್ಳಲು. ಎರಡು ಕಡೆ ತಿದ್ದಿದೆ. ಅವನ ಮಹಾಪ್ರಾಣಗಳು ಅಂದಿನಂತೆ ಇಂದೂ ತಪ್ಪು.

ಪತ್ರ ಬರೆದ ಹುಡುಗಿಗೆ ಒಂದು ಮನೆಗೆಲಸ. ಆ ಚಿತ್ರ ಇನ್ನೂ ನಿನ್ನ ಬಳಿ ಇದ್ದರೆ ಮತ್ತೊಮ್ಮೆ ತೆಗೆ. ಬಣ್ಣ ಎಣಿಸಿದ್ದಾಯಿತು. ಫಲಕಗಳಲ್ಲಿ ಎಷ್ಟು ಕನ್ನಡದಲ್ಲಿವೆ, ನಿನ್ನ ಅಜ್ಜಿಯ ವಯಸ್ಸಿನವರು ಎಷ್ಟು ಮಂದಿ ಕಾಣುತ್ತಾರೆ ಎಂದು ಎಣಿಸಿ ನನಗೆ ಬರೆ. ಅಪ್ಪನನ್ನೂ ಪಕ್ಕದಲ್ಲಿ ಕೂರಿಸಿಕೋ.